ಕೊಟ್ಟಿಗೆಯ ಹತ್ತಿರದ ಕಥೆಗಳು: ಗ್ರೀಕ್ ಈಸೋಪನ ನೀತಿ, ನಮ್ಮ ಗಾದೆ



"ಕೈಗೆಟುಕದ ದ್ರಾಕ್ಷಿ ಹುಳಿ" ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಹಂಚಿಕೆಯಲ್ಲಿ ಒಬ್ಬರೇ ಹೆಚ್ಚು ಬಾಚಿಕೊಂಡರೆ "ಸಿಂಹಪಾಲು ಅವರದೇ" ಎನ್ನುತ್ತೇವೆ. ಒಳ್ಳೆಯ ಆದಾಯ ತರುವುದನ್ನು "ಚಿನ್ನದ ಮೊಟ್ಟೆ ಇಡುವ ಕೋಳಿ" ಎನ್ನುತ್ತೇವೆ. ಸುಳ್ಳು ಹೇಳಿ ಹೇಳಿ ನಂಬಿಕೆ ಕಳೆದುಕೊಂಡವರನ್ನು ಕಂಡಾಗ "ತೋಳ ಬಂತು ತೋಳ" ಎಂದು ಕೂಗಿದ ಕುರಿಕಾಯುವ ಹುಡುಗ ನೆನಪಾಗುತ್ತಾನೆ. ಈ ನಾಲ್ಕೂ ಮಾತುಗಳು ದೂರದ ಗ್ರೀಕರ ಕಥಾ ಪರಂಪರೆಯಿಂದ ಬಂದವು. ಶಾಲೆಯ ಪುಸ್ತಕ ಹಿಡಿದು, ಮಕ್ಕಳ ಬಾಯಿ ಹಿಡಿದು ನಮ್ಮ ಮನೆ ಸೇರಿ, ಈಗ ನಮ್ಮದೇ ಗಾದೆಗಳಂತೆ ಆಗಿಬಿಟ್ಟಿವೆ.

ಇವು ಮಕ್ಕಳ ಕಥೆಗಳು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಹಳೆಯ ಗ್ರೀಸಿನಲ್ಲಿ ಇವುಗಳನ್ನು ದೊಡ್ಡವರು ದೊಡ್ಡವರಿಗೆ ಹೇಳುತ್ತಿದ್ದರು. ಊರ ಸಭೆಯಲ್ಲಿ, ನ್ಯಾಯದ ಕಟ್ಟೆಯಲ್ಲಿ, ಜಗಳದ ನಡುವೆ ಈ ಕಥೆಗಳು ಬರುತ್ತಿದ್ದವು. ಅವುಗಳಲ್ಲಿ ಹಸು, ಎತ್ತು, ಕುರಿ, ಕೋಳಿ, ಮೇವು, ಗೋದಲಿ ಎಲ್ಲವೂ ಇವೆ. ರಾಸು ಸಾಕುವ ನಮಗೆ ಈ ಕಥೆಗಳು ಬೇರೆಯವರಿಗಿಂತ ಬೇಗ ಅರ್ಥವಾಗುತ್ತವೆ. ಅದಕ್ಕೇ ಈ ಸಂಚಿಕೆಯಲ್ಲಿ ಅಂಥ ಕೆಲವನ್ನು ಆಯ್ದು ವಿವರಿಸಲಾಗಿದೆ.

ಈಸೋಪ ಯಾರು?

ಈ ಕಥೆಗಳನ್ನೆಲ್ಲ ಈಸೋಪನ ಹೆಸರಿನಲ್ಲಿ ಹೇಳುವುದು ವಾಡಿಕೆ. ಅವನ ಬಗ್ಗೆ ಹಳೆಯ ಮಾಹಿತಿ ಸಿಗುವುದು ಕ್ರಿಸ್ತಪೂರ್ವ 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್‌ನ ಬರಹದಲ್ಲಿ. ಅದರ ಪ್ರಕಾರ ಈಸೋಪ ಸಾಮೋಸ್ ಎಂಬ ದ್ವೀಪದಲ್ಲಿ ಇಯಾಡ್ಮೊನ್ ಎಂಬವನ ಮನೆಯ ಗುಲಾಮ. ಡೆಲ್ಫಿ ಎಂಬ ಪುಣ್ಯಕ್ಷೇತ್ರದ ಜನ ಅವನನ್ನು ಕೊಂದರು. ಆಮೇಲೆ ಆ ಸಾವಿಗೆ ಪರಿಹಾರ ಕೊಡಲು ಅವರೇ ಮುಂದೆ ಬಂದಾಗ ಅದನ್ನು ಪಡೆದವನು ಇಯಾಡ್ಮೊನನ ಮೊಮ್ಮಗ.

ಕೊಂಡು ತಂದ ಆಳು ಅಂದಿನ ಸಮಾಜದಲ್ಲಿ ಯಜಮಾನನ ಎದುರು ಬಾಯಿ ಬಿಡುವಂತಿರಲಿಲ್ಲ. ಕ್ರಿಸ್ತಶಕ 1ನೇ ಶತಮಾನದಲ್ಲಿ ಈ ಕಥೆಗಳನ್ನು ಲ್ಯಾಟಿನ್ ಭಾಷೆಯಲ್ಲಿ ಪದ್ಯ ಮಾಡಿದ ಫೀಡ್ರಸ್ ಕೂಡ ಗುಲಾಮಗಿರಿಯಿಂದ ಬಿಡುಗಡೆಯಾದವನೇ. ಇಂಥ ಕಥೆಗಳು ಯಾಕೆ ಹುಟ್ಟಿದವು ಎಂಬುದಕ್ಕೆ ಅವನು ಕೊಡುವ ಕಾರಣ ಇದು: ಮನಸ್ಸಿನ ಮಾತನ್ನು ನೇರವಾಗಿ ಹೇಳಲು ಧೈರ್ಯವಿಲ್ಲದ ಗುಲಾಮ ಅದನ್ನು ಪ್ರಾಣಿಗಳ ಬಾಯಲ್ಲಿ ಇಟ್ಟು ಹೇಳಿದ. ಮಗಳಿಗೆ ಹೇಳಿ ಸೊಸೆಗೆ ಕೇಳಿಸುವ ರೀತಿ ನಮಗೆ ಹೊಸದಲ್ಲ. ದನಿ ಎತ್ತಲಾಗದವರು ಕಂಡುಕೊಂಡ ದಾರಿ ಅದು. ಮನೆಯಲ್ಲಾಗಲಿ, ಸಭೆಯಲ್ಲಾಗಲಿ ಮಾತನಾಡಲು ಹಿಂಜರಿದ ಅನುಭವ ಇರುವ ಹೆಣ್ಣುಮಕ್ಕಳಿಗೆ ಈ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಸೋಪನೇ ಬರೆದ ಪುಸ್ತಕ ಒಂದೂ ಇಲ್ಲ. ಕಥೆಗಳು ಬಾಯಿಂದ ಬಾಯಿಗೆ ಹರಿದವು. ತತ್ತ್ವಜ್ಞಾನಿ ಸಾಕ್ರಟೀಸ್ ಕ್ರಿಸ್ತಪೂರ್ವ 399ರಲ್ಲಿ ಮರಣದಂಡನೆಗಾಗಿ ಸೆರೆಮನೆಯಲ್ಲಿ ಕಾಯುತ್ತಿದ್ದಾಗ, ತನಗೆ ನೆನಪಿದ್ದ ಈಸೋಪನ ಕಥೆಗಳನ್ನು ಪದ್ಯಕ್ಕೆ ತಿರುಗಿಸುತ್ತಿದ್ದ ಎಂದು ಅವನ ಶಿಷ್ಯ ಪ್ಲೇಟೊ ಬರೆದಿದ್ದಾನೆ. ಮುಂದೆ ಫೀಡ್ರಸ್ ಲ್ಯಾಟಿನ್‌ನಲ್ಲಿ, ಬಾಬ್ರಿಯಸ್ ಗ್ರೀಕ್‌ನಲ್ಲಿ ಪದ್ಯವಾಗಿ ಬರೆದ ಸಂಗ್ರಹಗಳು ನಮ್ಮ ಕಾಲದವರೆಗೂ ಉಳಿದು ಬಂದಿವೆ.

ಇನ್ನೊಂದು ವಿಷಯ ತಿಳಿದಿರಲಿ. ಕಥೆಯ ಕೊನೆಯಲ್ಲಿ ಬರುವ "ಈ ಕಥೆಯ ನೀತಿ" ಎಂಬ ಸಾಲು ಬಹುಪಾಲು ಆಮೇಲೆ ಸೇರಿಸಿದ್ದು. ಮೊದಲು ಕಥೆಯನ್ನು ಸಂದರ್ಭ ನೋಡಿ ಹೇಳುತ್ತಿದ್ದರು. ಕೇಳುವವರು ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು. ಸಂಗ್ರಹ ಮಾಡಿದವರು ಒಂದೊಂದು ಕಥೆಗೆ ಒಂದೊಂದು ನೀತಿ ಬರೆದಿಟ್ಟರು. ಹೀಗಾಗಿ ಒಂದೇ ಕಥೆಗೆ ಎರಡು ಪುಸ್ತಕದಲ್ಲಿ ಎರಡು ನೀತಿ ಇರುವುದೂ ಉಂಟು. ಪುಸ್ತಕದ ನೀತಿಯೇ ಕೊನೆಯ ಮಾತು ಅಂದುಕೊಳ್ಳಬೇಕಾಗಿಲ್ಲ.

ಸಿಂಹಪಾಲು ಎಂದರೆ ಎಷ್ಟು ಪಾಲು?

ಫೀಡ್ರಸ್ ಹೇಳುವ ಕಥೆಯಲ್ಲಿ ಒಂದು ಹಸು, ಒಂದು ಮೇಕೆ, ಒಂದು ಕುರಿ ಸಿಂಹದ ಜೊತೆ ಪಾಲುದಾರಿಕೆ ಮಾಡಿಕೊಂಡವು. ಎಲ್ಲರೂ ಸೇರಿ ದೊಡ್ಡ ಜಿಂಕೆಯನ್ನು ಹಿಡಿದರು. ಸಿಂಹ ನಾಲ್ಕು ಪಾಲು ಮಾಡಿತು. ಮೊದಲನೆಯದು ನನ್ನದು, ಯಾಕೆಂದರೆ ನಾನು ರಾಜ. ಎರಡನೆಯದೂ ನನ್ನದು, ಯಾಕೆಂದರೆ ನಾನೂ ಪಾಲುದಾರ. ಮೂರನೆಯದು ಬಲ ಹೆಚ್ಚಿರುವ ನನಗೇ ಸೇರಬೇಕು. ನಾಲ್ಕನೆಯದನ್ನು ಯಾರಾದರೂ ಮುಟ್ಟಿದರೆ ಅವರ ಗತಿ ನೋಡಿಕೊಳ್ಳಿ ಎಂದಿತು.

ಹುಲ್ಲು ತಿನ್ನುವ ಹಸುವಿಗೆ ಜಿಂಕೆಯ ಮಾಂಸ ಯಾಕೆ ಎಂದು ನೀವು ನಗಬಹುದು. ಕಥೆ ಇರುವುದು ಮಾಂಸದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ನಾವು ಸಿಂಹಪಾಲು ಎಂದರೆ ದೊಡ್ಡ ಪಾಲು ಅಂದುಕೊಂಡಿದ್ದೇವೆ. ಈ ಕಥೆಯಲ್ಲಿ ಅದು ಪೂರ್ತಿ ಪಾಲು. ಬೆವರು ನಾಲ್ವರದು, ಹಂಚುವ ಕೈ ಒಬ್ಬನದು. ಬಲಾಢ್ಯನ ಜೊತೆಗಿನ ಪಾಲುದಾರಿಕೆಯನ್ನು ನಂಬಬಾರದು ಎಂಬುದು ಫೀಡ್ರಸ್ ಕೊಟ್ಟ ನೀತಿ.

ಸಹಕಾರ ಸಂಘ ಎಂಬ ವ್ಯವಸ್ಥೆ ಈ ಕಥೆಗೆ ಕೊಟ್ಟ ಉತ್ತರ ಎನ್ನಬಹುದು. ಹತ್ತು ಹಸು ಇರುವವರಿಗೂ ಒಂದೇ ಹಸು ಇರುವವರಿಗೂ ಸಂಘದಲ್ಲಿ ಒಂದೇ ಮತ. ಹಾಲಿಗೆ ಬೆಲೆ ಕಟ್ಟುವುದು ಅಳತೆ, ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ. ಮುಖ ನೋಡಿ ಅಲ್ಲ. ಆದರೆ ನಿಯಮ ಇದ್ದರೆ ಸಾಲದು, ಅದನ್ನು ಬಳಸುವವರೂ ಬೇಕು. ಪ್ರತಿದಿನ ಚೀಟಿ ನೋಡುವುದು, ಬಟವಾಡೆಯ ದಿನ ಲೆಕ್ಕ ತಾಳೆ ಹಾಕುವುದು, ವಾರ್ಷಿಕ ಮಹಾಸಭೆಗೆ ಹೋಗಿ ಆಯವ್ಯಯ ಕೇಳುವುದು ಸದಸ್ಯೆಯ ಹಕ್ಕು. ಬೆಳಿಗ್ಗೆ ಐದು ಗಂಟೆಗೆ ಎದ್ದು ಸಗಣಿ ಬಾಚಿ ಹಾಲು ಕರೆಯುವವರು ನಾವು. ಪಾಸ್‌ಬುಕ್ಕಿನಲ್ಲಿ ಹೆಸರು ಯಾರದಿದೆ, ಹಣ ಯಾರ ಕೈಗೆ ಬರುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ. ಸಿಂಹ ಕಾಡಿನಲ್ಲೇ ಇರಬೇಕೆಂದಿಲ್ಲ.

ಇದರ ಜೊತೆಗೆ ಬಾಬ್ರಿಯಸ್ ಹೇಳಿದ ಮೂರು ಹೋರಿಗಳ ಕಥೆಯನ್ನೂ ಇಟ್ಟು ನೋಡಬೇಕು. ಮೂರೂ ಯಾವಾಗಲೂ ಒಟ್ಟಿಗೆ ಮೇಯುತ್ತಿದ್ದುದರಿಂದ ಸಿಂಹಕ್ಕೆ ಹತ್ತಿರ ಬರಲಾಗಲಿಲ್ಲ. ಅದು ಉಗುರು ಬಳಸಲಿಲ್ಲ, ಚಾಡಿ ಬಳಸಿತು. ಇದರ ಬಗ್ಗೆ ಅದಕ್ಕೆ, ಅದರ ಬಗ್ಗೆ ಇದಕ್ಕೆ ಹೇಳಿ ಮನಸ್ಸು ಕೆಡಿಸಿತು. ಹೋರಿಗಳು ಬೇರೆ ಬೇರೆ ಮೇಯತೊಡಗಿದ ಮೇಲೆ ಒಂದೊಂದಾಗಿ ತಿಂದು ಮುಗಿಸಿತು. ಸಂಘದಲ್ಲಿ ತಪ್ಪು ಕಂಡರೆ ಸಭೆಯಲ್ಲಿ ಎದ್ದು ಕೇಳಬೇಕು, ದಾಖಲೆ ತೋರಿಸಿ ಎನ್ನಬೇಕು. ಅದರಿಂದ ಸಂಘ ಗಟ್ಟಿಯಾಗುತ್ತದೆ. ಅದೇ ಮಾತನ್ನು ಬಾವಿಕಟ್ಟೆಯಲ್ಲಿ ಕಿವಿಯಿಂದ ಕಿವಿಗೆ ದಾಟಿಸಿದರೆ ಸಂಘ ಒಡೆಯುತ್ತದೆ.

ವಿಧವೆಯ ಕೋಳಿ

ಚಿನ್ನದ ಮೊಟ್ಟೆಯ ಕಥೆ ಎಲ್ಲರಿಗೂ ಗೊತ್ತು. ಗ್ರೀಕ್ ಗದ್ಯ ರೂಪದಲ್ಲಿ ಅದು ಹರ್ಮಿಸ್ ದೇವರು ಭಕ್ತನಿಗೆ ಕೊಟ್ಟ ಬಾತುಕೋಳಿ, ಬಾಬ್ರಿಯಸ್‌ನಲ್ಲಿ ಕೋಳಿ. ಹೊಟ್ಟೆಯೊಳಗೆ ಚಿನ್ನದ ಗಟ್ಟಿಯೇ ಇರಬೇಕೆಂದು ಕೊಯ್ದು ನೋಡಿದರೆ ಉಳಿದ ಹಕ್ಕಿಗಳಲ್ಲಿ ಇರುವುದೇ ಇತ್ತು.

ಅಷ್ಟಾಗಿ ಪ್ರಸಿದ್ಧಿ ಪಡೆಯದ ಇನ್ನೊಂದು ಕಥೆ ನಮಗೆ ಹೆಚ್ಚು ಹತ್ತಿರದ್ದು. ಒಬ್ಬ ವಿಧವೆಯ ಬಳಿ ದಿನಕ್ಕೊಂದು ಮೊಟ್ಟೆ ಇಡುವ ಕೋಳಿ ಇತ್ತು. ಹೆಚ್ಚು ಕಾಳು ಹಾಕಿದರೆ ಎರಡು ಮೊಟ್ಟೆ ಇಡುತ್ತದೆ ಎಂದುಕೊಂಡು ಅವಳು ಬಾರ್ಲಿಯನ್ನು ಜಾಸ್ತಿ ಜಾಸ್ತಿ ಹಾಕಿದಳು. ಕೋಳಿ ಕೊಬ್ಬಿತು, ಒಂದು ಮೊಟ್ಟೆ ಇಡುವುದನ್ನೂ ನಿಲ್ಲಿಸಿತು.

ಅತಿ ಆಸೆ ಗತಿಗೇಡು ಎಂಬ ನಮ್ಮ ಗಾದೆ ಎರಡೂ ಕಥೆಗೆ ಹೊಂದುತ್ತದೆ. ಆದರೆ ಇಬ್ಬರ ತಪ್ಪು ಒಂದೇ ಅಲ್ಲ. ಮೊದಲನೆಯವನು ಪ್ರಾಣಿಯನ್ನು ಕೊಂದ. ಈ ಹೆಂಗಸು ಅದನ್ನು ಚೆನ್ನಾಗಿಯೇ ಸಾಕಿದಳು. ಮೇವು ಮತ್ತು ಉತ್ಪತ್ತಿಯ ಲೆಕ್ಕವಷ್ಟೇ ಅವಳಿಗೆ ತಪ್ಪಿತು. ಅದು ಕೆಟ್ಟತನವಲ್ಲ, ತಿಳಿವಳಿಕೆಯ ಕೊರತೆ.

ಹಸುವಿನ ವಿಷಯದಲ್ಲೂ ಹಾಗೆಯೇ. ಸಾಮಾನ್ಯ ಲೆಕ್ಕದಲ್ಲಿ ಪಶು ಆಹಾರ ಶರೀರ ಪೋಷಣೆಗೆ ಒಂದೂವರೆಯಿಂದ 2 ಕೆ.ಜಿ., ಅದರ ಮೇಲೆ ಹಸುವಿಗೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ, ಎಮ್ಮೆಗೆ ಸುಮಾರು 500 ಗ್ರಾಂ. ಹೆಚ್ಚು ಹಾಲಿನ ಆಸೆಗೆ ಒಮ್ಮೆಲೇ ಹಿಂಡಿ, ಹಿಟ್ಟು, ಅನ್ನ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವು ಬಿಡುತ್ತದೆ. ಹಸಿರು ಮೇವು, ಒಣ ಮೇವು, ಖನಿಜ ಮಿಶ್ರಣ, ನೀರು ಇವುಗಳ ಸಮತೋಲನದಲ್ಲಿ ಹಾಲು ಇದೆ. ಚಿನ್ನದ ಮೊಟ್ಟೆಯ ಕಥೆಗೂ ಕೊಟ್ಟಿಗೆಯಲ್ಲಿ ಒಂದು ಜಾಗವಿದೆ. ಗಬ್ಬದ ಹಸುವನ್ನು ಕರು ಹಾಕುವ ದಿನದವರೆಗೂ ಕರೆಯುವುದು ಹೊಟ್ಟೆ ಕೊಯ್ದ ಹಾಗೆ. ಕರು ಹಾಕುವ ಸುಮಾರು 60 ದಿನ ಮೊದಲು ಬತ್ತಿಸಿದರೆ ಕೆಚ್ಚಲಿಗೆ ವಿಶ್ರಾಂತಿ ಸಿಕ್ಕಿ ಮುಂದಿನ ಸೂಲಿನಲ್ಲಿ ಹಾಲು ಚೆನ್ನಾಗಿ ಬರುತ್ತದೆ.

ಕುರಿ ಕೇಳಿದ ಪ್ರಶ್ನೆ

ಇನ್ನೊಬ್ಬ ವಿಧವೆಯ ಬಳಿ ಒಂದೇ ಒಂದು ಕುರಿ ಇತ್ತು. ಉಣ್ಣೆ ಕತ್ತರಿಸುವವನಿಗೆ ಕೂಲಿ ಕೊಡಬೇಕಲ್ಲ ಎಂದು ಅವಳೇ ಕತ್ತರಿ ಹಿಡಿದಳು. ಕೈ ಪಳಗಿರಲಿಲ್ಲ. ಉಣ್ಣೆಯ ಜೊತೆ ಚರ್ಮವೂ ಬಂತು. ನೋವಿನಿಂದ ಕುರಿ ಹೇಳಿತು: "ನನಗೆ ಯಾಕಮ್ಮಾ ಈ ಹಿಂಸೆ? ನಿನಗೆ ಮಾಂಸ ಬೇಕಿದ್ದರೆ ಕಟುಕನಿದ್ದಾನೆ, ಒಂದೇ ಏಟಿಗೆ ಮುಗಿಸುತ್ತಾನೆ. ಉಣ್ಣೆ ಬೇಕಿದ್ದರೆ ಕತ್ತರಿಸುವವನಿದ್ದಾನೆ, ನೋವಿಲ್ಲದೆ ತೆಗೆಯುತ್ತಾನೆ."

ಈ ವಿಧವೆಯನ್ನು ಸುಲಭವಾಗಿ ಬಯ್ಯಲಾಗದು. ಒಂದೇ ಕುರಿ ಇರುವವಳಿಗೆ ಕೂಲಿಯ ನಾಲ್ಕು ಕಾಸೂ ದೊಡ್ಡದೇ. ಆದರೆ ಉಳಿಸಲು ಹೋಗಿ ಅವಳು ಕಳೆಯುತ್ತಿದ್ದುದು ಕುರಿಯನ್ನೇ. ಕೆಚ್ಚಲು ಬಾವು ಬಂದಾಗ ಅರ್ಧಕ್ಕೆ ಉಳಿದ ಹಳೆಯ ಔಷಧಿಯನ್ನು ತಾವೇ ಏರಿಸುವುದು, ಕಸ ಬೀಳಲಿಲ್ಲವೆಂದು ಕೈ ಹಾಕಿ ಎಳೆಯುವುದು, ಕರು ಅಡ್ಡ ನಿಂತಾಗ ನಾಲ್ಕು ಜನ ಹಿಡಿದು ಜಗ್ಗುವುದು ಇದೇ ಜಾತಿಯ ಉಳಿತಾಯ. ಪಶುವೈದ್ಯರಿಗೆ ಬೇಗ ಹೇಳಿಕಳಿಸಿದರೆ ಖರ್ಚು ಕಡಿಮೆ, ತಡ ಮಾಡಿದರೆ ಜಾಸ್ತಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕದಿರುವುದೂ ಇದರ ಜೊತೆಯ ಮಾತು. ಆ ಹಾಲು ಕುಡಿಯುವುದು ಯಾವುದೋ ಮನೆಯ ಮಗು.

ಯಜಮಾನಿಯ ಕಣ್ಣು

ಬೇಟೆಗಾರರಿಗೆ ಹೆದರಿದ ಜಿಂಕೆಯೊಂದು ಎತ್ತಿನ ಕೊಟ್ಟಿಗೆಗೆ ನುಗ್ಗಿ ಹುಲ್ಲಿನ ಮರೆಯಲ್ಲಿ ಅಡಗಿತು. ದನ ನೋಡಿಕೊಳ್ಳುವವನು ಬಂದು ಮೇವು ಹಾಕಿ ಹೋದ, ನೋಡಲಿಲ್ಲ. ಆಳುಗಳು ಬಂದು ಹೋದರು. ಮೇಸ್ತ್ರಿಯೂ ಹಾದು ಹೋದ, ಅವನಿಗೂ ಕಾಣಲಿಲ್ಲ. ಬದುಕಿದೆ ಎಂದು ಜಿಂಕೆ ಎತ್ತುಗಳಿಗೆ ಕೈಮುಗಿಯಿತು. ಒಂದು ಎತ್ತು ಹೇಳಿತು: "ನಿನಗೆ ಒಳ್ಳೆಯದಾಗಲಿ. ಆದರೆ ನೂರು ಕಣ್ಣಿನವನು ಇನ್ನೂ ಬಂದಿಲ್ಲ." ಅಷ್ಟರಲ್ಲಿ ಒಡೆಯ ಬಂದ. ಎತ್ತುಗಳು ಸೊರಗಿರುವುದನ್ನು ಅವನು ಗಮನಿಸಿದ್ದ. ಗೋದಲಿಯಲ್ಲಿ ಮೇವು ಯಾಕೆ ಇಷ್ಟೇ ಇದೆ, ಕೆಳಗೆ ಹಾಸು ಯಾಕಿಲ್ಲ, ಈ ಜೇಡರ ಬಲೆ ತೆಗೆಯಲು ಏನು ಕಷ್ಟ ಎನ್ನುತ್ತಾ ಒಂದೊಂದನ್ನೇ ನೋಡುತ್ತ ಬಂದವನಿಗೆ ಹುಲ್ಲಿನ ನಡುವೆ ಜಿಂಕೆಯ ಕೊಂಬು ಕಂಡಿತು.

ತನ್ನ ಕೆಲಸವನ್ನು ಒಡೆಯ ನೋಡಿದಂತೆ ಬೇರೆಯವರು ನೋಡಲಾರರು ಎಂಬುದು ಫೀಡ್ರಸ್ ಕೊಟ್ಟ ನೀತಿ. ಗ್ರೀಕರಲ್ಲಿ ಇದಕ್ಕೆ ಹತ್ತಿರದ ಮಾತೊಂದು ಮೊದಲೇ ಇತ್ತು. ಕ್ರಿಸ್ತಪೂರ್ವ 4ನೇ ಶತಮಾನದ ಲೇಖಕ ಕ್ಸೆನೊಫನ್, ಮನೆ ಮತ್ತು ಹೊಲದ ನಿರ್ವಹಣೆ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಹೇಳಿದ್ದಾನೆ. ಪರ್ಷಿಯಾದ ಅರಸನೊಬ್ಬ, ಕುದುರೆಯನ್ನು ಬೇಗ ಮೈತುಂಬುವಂತೆ ಮಾಡುವುದು ಯಾವುದು ಎಂದು ಬಲ್ಲವನೊಬ್ಬನನ್ನು ಕೇಳಿದ. ಒಡೆಯನ ಕಣ್ಣು ಎಂಬ ಉತ್ತರ ಬಂತು. ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ.

ಗ್ರೀಕ್ ಕಥೆಯಲ್ಲಿ ಕಣ್ಣು ಒಡೆಯನದು. ನಮ್ಮ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಅದು ಯಜಮಾನಿಯದು. ಹಸು ಬೆದೆಗೆ ಬಂದಿದೆ, ಮೆಲುಕು ಹಾಕುತ್ತಿಲ್ಲ, ಒಂದು ಮೊಲೆಯಲ್ಲಿ ಹಾಲು ಗಡ್ಡೆಯಾಗಿದೆ ಎಂದು ಮೊದಲು ಕಾಣುವುದು ಅವಳಿಗೆ. ಬೆಳಿಗ್ಗೆ ಸಂಜೆ ಕೊಟ್ಟಿಗೆಯಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡುವುದೂ ಒಂದು ಕೆಲಸವೇ. ನೋಡಿದ್ದನ್ನು, ಬೆದೆಯ ದಿನಾಂಕವನ್ನು, ಗರ್ಭಧಾರಣೆ ಮಾಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಕಣ್ಣಿಗೆ ನೆನಪೂ ಸೇರುತ್ತದೆ.

ಉಣ್ಣೆಹುಳುವಿನ ಕಥೆ: ಈಸೋಪನಿಗೇ ಒಂದು ಉತ್ತರ

ಈಸೋಪ ಸಭೆಯಲ್ಲಿ ಕಥೆ ಹೇಳಿದ ಒಂದು ಸಂದರ್ಭವನ್ನು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಭಾಷಣ ಕಲೆಯನ್ನು ಕುರಿತ ಅವನ ಪುಸ್ತಕದಲ್ಲಿ ಅದು ಬರುತ್ತದೆ. ಸಾಮೋಸ್‌ನಲ್ಲಿ ಒಬ್ಬ ಜನನಾಯಕನ ಮೇಲೆ ಪ್ರಾಣಕ್ಕೇ ಕುತ್ತಾಗುವ ವಿಚಾರಣೆ ನಡೆದಿತ್ತು. ಈಸೋಪ ಅವನ ಪರ ಮಾತನಾಡಿದ. ಒಂದು ನರಿ ಹೊಳೆ ದಾಟುವಾಗ ಕೊರಕಲಿನಲ್ಲಿ ಸಿಕ್ಕಿಬಿದ್ದಿತ್ತು. ಮೈತುಂಬ ಉಣ್ಣೆಹುಳು ಕಚ್ಚಿದ್ದವು. ಮುಳ್ಳುಹಂದಿ ಬಂದು, ತೆಗೆಯಲೇ ಎಂದು ಕೇಳಿತು. ಬೇಡ ಎಂದಿತು ನರಿ. ಇವು ಈಗಾಗಲೇ ಹೊಟ್ಟೆ ತುಂಬ ರಕ್ತ ಕುಡಿದಿವೆ, ಇನ್ನು ಹೆಚ್ಚು ಕುಡಿಯಲಾರವು. ಇವನ್ನು ತೆಗೆದರೆ ಹಸಿದ ಹೊಸವು ಬಂದು ಉಳಿದ ರಕ್ತವನ್ನೂ ಹೀರುತ್ತವೆ. ಹಾಗೆಯೇ ಈ ನಾಯಕ ಸಾಕಷ್ಟು ಸಂಪಾದಿಸಿದ್ದಾನೆ. ಇವನನ್ನು ಕೊಂದರೆ ಹಸಿದವರು ಬಂದು ನಿಮ್ಮ ಬೊಕ್ಕಸ ಬರಿದು ಮಾಡುತ್ತಾರೆ ಎಂದ ಈಸೋಪ.

ಕೇಳಲು ಜಾಣ ಮಾತು. ಆದರೆ ರಾಸು ಸಾಕುವವರು ಇದನ್ನು ಒಪ್ಪಲಾರರು. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಹುಳು ಸುಮ್ಮನೆ ಕೂರುವುದಿಲ್ಲ. ಮೈಯಿಂದ ಉದುರಿ, ಗೋಡೆಯ ಬಿರುಕಿನಲ್ಲೋ ಸಗಣಿಯ ಗುಪ್ಪೆಯ ಹತ್ತಿರವೋ ಸಾವಿರಾರು ಮೊಟ್ಟೆ ಇಡುತ್ತದೆ. ಹಳೆಯದನ್ನು ಬಿಟ್ಟರೆ ಹೊಸದು ಬರುವುದಿಲ್ಲ ಎಂಬುದು ಸುಳ್ಳು. ಹೊಸದು ಹುಟ್ಟುವುದೇ ಹಳೆಯದರಿಂದ. ಪಶುವೈದ್ಯರು ಹೇಳಿದ ಔಷಧಿಯನ್ನು ಹಸುವಿನ ಮೈಗೂ ಕೊಟ್ಟಿಗೆಗೂ ಸರಿಯಾಗಿ ಬಳಸಿ ಉಣ್ಣೆಹುಳು ತೆಗೆಯಲೇಬೇಕು. ಸಂಘ ಸಂಸ್ಥೆಯಲ್ಲೂ ಅಷ್ಟೇ. "ಇರಲಿ ಬಿಡಿ, ಬರುವವರು ಇನ್ನೂ ಕೆಟ್ಟವರಿರಬಹುದು" ಎಂದು ತಪ್ಪು ಲೆಕ್ಕವನ್ನು ಬಿಟ್ಟರೆ ಅದು ಮರಿ ಹಾಕುತ್ತದೆ.

ಈ ಕಥೆಯಿಂದ ಕಲಿಯುವುದು ಇನ್ನೊಂದಿದೆ. ಕಥೆ ಎಷ್ಟೇ ಚೆನ್ನಾಗಿರಲಿ, ಹೇಳುವವರು ಯಾರ ಪರ ಹೇಳುತ್ತಿದ್ದಾರೆ ಎಂದು ಕೇಳಬೇಕು. ಗಾದೆಯ ವಿಷಯದಲ್ಲೂ ಹೀಗೆಯೇ. ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವ ಗಾದೆಗಳೂ ನಮ್ಮಲ್ಲಿವೆ. ಹಳೆಯದೆಂಬ ಕಾರಣಕ್ಕೆ ಅವು ಸರಿಯಾಗುವುದಿಲ್ಲ.

ಹಾಲಿನ ಗಡಿಗೆ ಗ್ರೀಸಿನದಲ್ಲ

ತಲೆಯ ಮೇಲೆ ಹಾಲಿನ ಗಡಿಗೆ ಹೊತ್ತು, ಹಾಲು ಮಾರಿದ ಹಣದಲ್ಲಿ ಏನೇನೋ ಕೊಳ್ಳುವ ಕನಸು ಕಾಣುತ್ತಾ ಗಡಿಗೆ ಒಡೆದುಕೊಂಡ ಹುಡುಗಿಯ ಕಥೆಯೂ ಈಸೋಪನದೆಂದು ಹಲವು ಪುಸ್ತಕಗಳಲ್ಲಿದೆ. ಹಳೆಯ ಗ್ರೀಕ್ ಸಂಗ್ರಹಗಳಲ್ಲಿ ಅದು ಇಲ್ಲ. 17ನೇ ಶತಮಾನದ ಫ್ರೆಂಚ್ ಕವಿ ಲಾ ಫೊಂಟೇನ್ ಬರೆದ ಮೇಲೆ ಅದು ಹೆಚ್ಚು ಹೆಸರಾಯಿತು. ಬೇರು ನಮ್ಮ ಪಂಚತಂತ್ರದಲ್ಲಿದೆ. ಪಂಚತಂತ್ರವನ್ನು 11ನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದಿದ್ದ. ಅತ್ತ ಅದು ಪರ್ಷಿಯನ್, ಅರಬ್ಬಿ ಭಾಷೆಗಳ ಮೂಲಕ ಯೂರೋಪ್ ಮುಟ್ಟಿತು.

ಸಂಸ್ಕೃತ ಪಂಚತಂತ್ರದ ಕಥೆಯಲ್ಲಿ ಕನಸು ಕಾಣುವವನು ಗಂಡಸು. ಹಿಟ್ಟು ತುಂಬಿದ ಗಡಿಗೆಯನ್ನು ಗೂಟಕ್ಕೆ ತೂಗುಹಾಕಿ ಕೆಳಗೆ ಮಲಗಿದ ಬ್ರಾಹ್ಮಣ ಲೆಕ್ಕ ಹಾಕುತ್ತಾನೆ: ಹಿಟ್ಟು ಮಾರಿ ಆಡು, ಆಡಿನಿಂದ ಹಸು, ಹಸುವಿನಿಂದ ಎಮ್ಮೆ, ಆಮೇಲೆ ಮನೆ, ಮದುವೆ, ಮಗ. ಕನಸಿನಲ್ಲೇ ಹೆಂಡತಿ ಮಾತು ಕೇಳಲಿಲ್ಲವೆಂದು ಕಾಲು ಬೀಸುತ್ತಾನೆ. ಗಡಿಗೆ ಒಡೆದು ಹಿಟ್ಟು ಮೈಮೇಲೆ ಸುರಿಯುತ್ತದೆ. ದೇಶ ದಾಟುತ್ತ ಹೋದಂತೆ ಹಿಟ್ಟು ಹಾಲಾಯಿತು, ಒದ್ದ ಗಂಡಸಿನ ಜಾಗಕ್ಕೆ ಕುಣಿದ ಹುಡುಗಿ ಬಂದಳು.

ಆಡಿನಿಂದ ಹಸು, ಹಸುವಿನಿಂದ ಎಮ್ಮೆ ಎಂಬ ಲೆಕ್ಕ ಹುಚ್ಚಲ್ಲ. ಒಂದು ಕರುವಿನಿಂದ ಶುರು ಮಾಡಿ ಕೊಟ್ಟಿಗೆ ಕಟ್ಟಿದ, ಮಕ್ಕಳನ್ನು ಓದಿಸಿದ ಹೆಂಗಸರು ನಮ್ಮ ಊರುಗಳಲ್ಲಿದ್ದಾರೆ. ಅವರೂ ಕನಸು ಕಂಡವರೇ. ಅವರು ಕೈಯಲ್ಲಿದ್ದ ಗಡಿಗೆಯ ಮೇಲೆ ಗಮನ ಇಟ್ಟುಕೊಂಡೇ ಕನಸು ಕಂಡರು, ಒದೆಯಲು ಯಾರನ್ನೂ ಹುಡುಕಲಿಲ್ಲ.

ಈ ಕಥೆಗಳನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿ. ನೀತಿಯನ್ನು ನೀವೇ ಹೇಳಿಬಿಡಬೇಡಿ, ಅವರನ್ನೇ ಕೇಳಿ. ಸಂಘದ ಸಭೆಯಲ್ಲಿ ನೇರವಾಗಿ ಎದ್ದು ಹೇಳಲು ಹಿಂಜರಿಕೆಯಾದರೆ, ಹಸು ಮೇಕೆ ಕುರಿ ಸಿಂಹದ ಜೊತೆ ಬೇಟೆಗೆ ಹೋದ ಕಥೆಯಿಂದ ಶುರು ಮಾಡಿ. ಎರಡೂವರೆ ಸಾವಿರ ವರ್ಷಗಳ ಹಿಂದೆ ಬಾಯಿ ಕಟ್ಟಿಹಾಕಿದವರು ಹಿಡಿದ ದಾರಿ ಅದು. ಕಥೆ ಮುಗಿದ ಮೇಲೆ ಲೆಕ್ಕದ ಪುಸ್ತಕ ಕೇಳುವುದನ್ನು ಮರೆಯಬೇಡಿ.